ಔಷಧಿಗೆ ಬೆನ್ನು ಹಾಕಿ ಕೂತ ಮನುಷ್ಯ

ನಮ್ಮ ತೋಟದ ಆಸ್ಪತ್ರೆಯಲ್ಲಿ ಹಿಂದೆ ಕಾಂಪೌಂಡರಾಗಿದ್ದ ಆ ಮನುಷ್ಯ ಕಳಸದಲ್ಲಿ ತೀರಿಕೊಂಡನೆಂದು ಮೇಸ್ತ್ರಿ ಬಂದು ಹೇಳಿದಾಗ ನಾವೆಲ್ಲ ಕಾಫಿ ಕಣದಲ್ಲಿದ್ದೆವು. ಕೂಲಿ ಲೈನಿನ ಹೆಂಗಸರು ಒಣಗಲು ಹರವಿದ್ದ ಕಾಫಿಯಲ್ಲಿ ಕಾಲೆಳೆಯುತ್ತ ಸಾಲು ತಿರುವುತ್ತಿದ್ದರು. ಸುದ್ದಿ ಕೇಳಿ ಅವರ ಕಾಲುಗಳು ನಿಂತವು. ಒಬ್ಬಳು ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಮೇಸ್ತ್ರಿ ತಲೆಗೆ ಸುತ್ತಿದ್ದ ವಸ್ತ್ರ ಬಿಚ್ಚಿ ಕಂಕುಳಲ್ಲಿ ಸಿಕ್ಕಿಸಿಕೊಂಡು ನನ್ನ ಮುಖವನ್ನೇ ನೋಡುತ್ತ ನಿಂತ. ನಾನು ಏನಾದರೂ ಹೇಳಲಿ ಎಂದು ಎಲ್ಲರೂ ಕಾಯುತ್ತಿದ್ದರು.

"ಬಿಸಿಲು ಹೋಗ್ತದೆ, ತಿರುವಿ" ಅಂದೆ.

ಮೇಸ್ತ್ರಿ ಅಷ್ಟಕ್ಕೆ ಬಿಡಲಿಲ್ಲ. ಸಂಜೆ ಬಂಗಲೆಯ ಮೆಟ್ಟಿಲ ಕೆಳಗೆ ಬಂದು ನಿಂತು, "ಅಮ್ಮಾ, ನೀವು ಓದು ಬರಹ ಬಲ್ಲೋರು. ಕಾಂಪೌಂಡ್ರ ಮೇಲೆ ನಾಕು ಒಳ್ಳೆ ಮಾತು ಬರ್ದಿಡಿ. ನಮ್ಮ ಮಕ್ಕಳಿಗಾದ್ರೂ ಗೊತ್ತಾಗ್ಲಿ" ಅಂದ.

ಬರೆಯುತ್ತಿದ್ದೇನೆ. ನಾಲ್ಕಕ್ಕಿಂತ ಹೆಚ್ಚೇ ಬರೆಯುತ್ತೇನೆ. ಒಳ್ಳೆಯ ಮಾತು ಬೇಕಾದವರು ಲೈನಿಗೆ ಹೋಗಿ ಕೇಳಲಿ, ಅಲ್ಲಿ ಬೇಕಾದಷ್ಟು ಸಿಗುತ್ತದೆ. ನನಗೆ ಆತನನ್ನು ಕಂಡರೆ ಆಗುತ್ತಿರಲಿಲ್ಲ. ಸತ್ತ ಮಾತ್ರಕ್ಕೆ ಆಗಿಬರುತ್ತದೆಂದೂ ಇಲ್ಲ.

ನೋಡಲು ಆತನಲ್ಲಿ ಏನೂ ಇರಲಿಲ್ಲ. ಕುಳ್ಳು, ಕಪ್ಪು, ಅಗಲವಾದ ಕಿವಿ. ರಂಗೂನಿನಿಂದ ತಂದ ಹಳೆಯ ಕೋಟೊಂದನ್ನು ಬೇಸಿಗೆಯಲ್ಲೂ ತೆಗೆಯುತ್ತಿರಲಿಲ್ಲ. ಅದರ ಗುಂಡಿಗಳು ಒಂದಕ್ಕೊಂದು ಹೊಂದುತ್ತಿರಲಿಲ್ಲ. ಮೈಗೆಲ್ಲ ಕಾರ್ಬಾಲಿಕ್ ಸೋಪಿನ ವಾಸನೆ. ಕೈಯನ್ನು ಮೊಣಕೈವರೆಗೆ ತೊಳೆದು, ಒರೆಸದೆ, ಗಾಳಿಗೆ ಹಿಡಿದು ಒಣಗಿಸಿಕೊಳ್ಳುತ್ತ ನಿಲ್ಲುತ್ತಿದ್ದ. ಇಷ್ಟೆಲ್ಲವನ್ನೂ ಸಹಿಸಬಹುದಿತ್ತು. ನನಗೆ ಮೈ ಉರಿಯುತ್ತಿದ್ದದ್ದು ಆತನ "ಹೌದು" ಎಂಬ ಮಾತಿಗೆ. ನೀವು ಮಾಡಿದ್ದು ಸರಿಯಿಲ್ಲ ಎಂದರೆ "ಹೌದು". ನಿಮ್ಮಿಂದ ಯಾರಿಗೂ ಉಪಯೋಗವಿಲ್ಲ ಎಂದರೆ ಸ್ವಲ್ಪ ಯೋಚಿಸಿ, "ಅದೂ ಹೌದು". ಅಲ್ಲ ಅನ್ನುವವನ ಜೊತೆ ಜಗಳ ಆಡಬಹುದು. ಹೌದು ಅನ್ನುವವನ ಜೊತೆ ಏನು ಮಾಡುವುದು?

ಆತನ ಮೂಲ ಊರು ದೇವರಮನೆ ಗುಡ್ಡದ ಕೆಳಗೆ ಎಲ್ಲೋ. ಹುಡುಗನಾಗಿದ್ದಾಗಲೇ ಹಡಗು ಹತ್ತಿ ಬರ್ಮಾಕ್ಕೆ ಹೋಗಿ, ಅಲ್ಲಿಯ ಒಂದು ಆಸ್ಪತ್ರೆಯಲ್ಲಿ ಗಾಯ ಕಟ್ಟುವ ಕೆಲಸ ಕಲಿತನಂತೆ. ಜಪಾನಿನವರು ಬಾಂಬು ಹಾಕಿದಾಗ ಸಾವಿರಾರು ಜನರೊಂದಿಗೆ ಕಾಡು ಬೆಟ್ಟ ಹಾದು ನಡೆದುಕೊಂಡೇ ಇತ್ತ ಬಂದ. ನಮ್ಮ ತೋಟ ಮಲ್ಲಂದೂರಿನಿಂದ ಆಚೆ, ಗುಡ್ಡದ ಮೈಯಲ್ಲಿ. ಮೊದಲಿದ್ದ ಕಾಂಪೌಂಡರು ಮಿಲಿಟರಿಗೆ ಸೇರಿಕೊಂಡು ಆಸ್ಪತ್ರೆ ಖಾಲಿ ಬಿದ್ದಿತ್ತು. ಯಾರೋ ಹೇಳಿ ಕಳಿಸಿದರು, ಅಣ್ಣಯ್ಯ ಇಟ್ಟುಕೊಂಡ.

ಅಣ್ಣಯ್ಯನ ಬಗ್ಗೆಯೂ ಹೇಳಬೇಕು. ತೋಟ ಅವನದು. ಅತ್ತಿಗೆ ಹೆರಿಗೆಯಲ್ಲೇ ಹೋಗಿದ್ದರು. ಇದ್ದ ಒಬ್ಬ ಮಗ ಮಲೇರಿಯಾ ಜ್ವರದಲ್ಲಿ, ಅಣ್ಣಯ್ಯನ ತೊಡೆಯ ಮೇಲೆಯೇ ಕೊನೆಯುಸಿರೆಳೆದ. ಆಮೇಲೆ ಅವನು ಆ ಹುಡುಗನ ಹೆಸರನ್ನು ಬಾಯಲ್ಲಿ ತರಲಿಲ್ಲ, ಮನೆಯಲ್ಲಿ ಬೇರೆಯವರಿಗೂ ತರಗೊಡಲಿಲ್ಲ. ನಾನು ಗಂಡನನ್ನು ಕಳೆದುಕೊಂಡು ವಸ್ತಾರೆಯ ಕಡೆಯಿಂದ ಅಣ್ಣನ ಮನೆಗೆ ಬಂದವಳು. ಮಕ್ಕಳಿಲ್ಲ. ಬಂದ ಹೊಸದರಲ್ಲಿ ಗೋಡೆ ನೋಡುತ್ತ ಮಲಗಿಬಿಟ್ಟಿದ್ದೆ. ಆಗ ನನ್ನನ್ನು ಎಬ್ಬಿಸಿ ಕೂರಿಸಿದವಳು ಲಚ್ಚಿ.

ಲಚ್ಚಿ ಲೈನಿನವಳು. ಘಟ್ಟದ ಕೆಳಗಿನಿಂದ ಕಾಫಿ ಕೊಯ್ಲಿಗೆ ಬಂದ ತಾಯಿಯ ಬೆನ್ನಿಗೆ ಕಟ್ಟಿಕೊಂಡು ಬಂದು ಇಲ್ಲಿಯೇ ಉಳಿದವಳು. ಬಂಗಲೆಯ ಒರಳು, ಒಲೆ ಅವಳ ಕೈಯಲ್ಲಿದ್ದವು. ನಾನು ಉಣ್ಣದೆ ಮಲಗಿದ್ದಾಗ ಗಂಜಿಯ ಬಟ್ಟಲು ಹಿಡಿದು, "ನೀವು ಸಾಯೋದಾದ್ರೆ ಸಾಯಿರಿ ಅಮ್ಮಾ, ಆದ್ರೆ ಉಂಡು ಸಾಯಿರಿ. ಮಾಡಿದ್ದು ದಂಡ ಆಗ್ತದೆ" ಎಂದು ಬಾಯಿಗೆ ಸುರಿದಿದ್ದಳು. ನನಗೆ ನಗು ಬಂತು, ಗಂಜಿ ನೆತ್ತಿಗೇರಿತು. ಅಂದಿನಿಂದ ಅವಳು ನನ್ನವಳು. ತಲೆ ಬಾಚುತ್ತ ನನ್ನನ್ನು ಬೈಯುವ ಅಧಿಕಾರ ಆ ತೋಟದಲ್ಲಿ ಅವಳೊಬ್ಬಳಿಗೇ ಇತ್ತು.

ಈಗ ಕಾಂಪೌಂಡರ ಕೂರುವಿಕೆಗೆ ಬರುತ್ತೇನೆ. ಬೆಳಗ್ಗೆ ಹಾಜರಿಯಾದ ಕೂಡಲೇ ಆಳುಗಳು ಆಸ್ಪತ್ರೆಯ ಜಗಲಿಯ ಮುಂದೆ ಸಾಲು ನಿಲ್ಲಬೇಕು. ಕಾಂಪೌಂಡರು ಒಬ್ಬೊಬ್ಬರ ಬಾಯಿಗೂ ಕ್ವಿನೈನ್ ನೀರು ಹುಯ್ಯಬೇಕು. ಕುಡಿದವರು ತಮ್ಮ ಹೆಸರನ್ನು ಗಟ್ಟಿಯಾಗಿ ಹೇಳಿ ಹೋಗಬೇಕು. ಕಹಿಯನ್ನು ಬಾಯಲ್ಲೇ ಇಟ್ಟುಕೊಂಡು ಕಾಫಿ ಗಿಡದ ಬುಡಕ್ಕೆ ಉಗಿಯುವವರು ಹೆಸರು ಹೇಳಲಾರರು, ಅದಕ್ಕೆ ಆ ಪದ್ಧತಿ. ಈತ ಬಂದ ಮೇಲೆ ಸಾಲು ಕಾಯುವಂತಾಯಿತು. ಜಗಲಿಯಲ್ಲಿ ಗೋಣಿಚೀಲ ಮಡಿಸಿ ಹಾಕಿಕೊಂಡು, ಕಣ್ಣು ಮುಚ್ಚಿ, ಕೈ ಮಡಿಲಲ್ಲಿಟ್ಟು, ಬಿಸಿಲು ಹಿತ್ತಿಲ ಹಲಸಿನ ಮರ ಇಳಿಯುವ ತನಕ ಕೂತಿರುತ್ತಿದ್ದ. ಜ್ವರದವರು ಕಂಬಳಿ ಹೊದ್ದು ನಡುಗುತ್ತ ನಿಂತಿರುತ್ತಿದ್ದರು.

"ಪೂಜೆಯಾ?" ಎಂದು ಒಂದು ದಿನ ಕೇಳಿದೆ.

"ಅಲ್ಲಮ್ಮ. ಬರ್ಮಾದಲ್ಲಿ ಒಬ್ಬ ಮುದಿ ಭಿಕ್ಷು ಹೇಳಿಕೊಟ್ಟಿದ್ದು. ಮೈತ್ರಿ ಅಂತಾರೆ ಅದಕ್ಕೆ. ಮೊದಲು ನಾನು ಸುಖವಾಗಿರಲಿ ಅಂತ ಅಂದ್ಕೊಳ್ಳೋದು. ಆಮೇಲೆ ನಮಗೆ ಉಪಕಾರ ಮಾಡಿದ ಒಬ್ಬರು ಸುಖವಾಗಿರಲಿ ಅಂತ. ಮೂರನೇದು, ನಮಗೆ ಹೆಚ್ಚೂ ಅಲ್ಲ ಕಡಿಮೆಯೂ ಅಲ್ಲ ಅನ್ನೋ ಒಬ್ಬರು. ನಾಲ್ಕನೇದು, ನಮಗೆ ಸಹಿಸೋಕೆ ಆಗದವರು ಒಬ್ಬರು. ಆಮೇಲೆ ಎಲ್ಲರೂ."

"ಮೊದಲು ತಮಗೇ ಬಡಿಸಿಕೊಳ್ಳೋದಾ? ನಮ್ಮಲ್ಲಿ ಮನೆಯವರು ಕೊನೇ ಪಂಕ್ತಿಗೆ ಕೂರ್ತಾರೆ."

"ಹೌದು. ನನಗೂ ಮೊದಮೊದಲು ನಾಚಿಕೆ ಆಗ್ತಿತ್ತು."

ಮೂರನೆಯ ಜಾಗಕ್ಕೆ ಆತ ಆರಿಸಿಕೊಂಡಿದ್ದು ಟಪ್ಪಾಲಿನವನನ್ನು. ಪಾಪ, ಆ ಮುದುಕನಿಗೆ ತನ್ನ ಸುಖವನ್ನು ದಿನಾ ಒಬ್ಬರು ವಿಚಾರಿಸಿಕೊಳ್ಳುತ್ತಿದ್ದಾರೆಂದು ಗೊತ್ತೇ ಇರಲಿಲ್ಲ. "ಎಲ್ಲರೂ ಅಂದ್ರೆ ಸೊಳ್ಳೆಯೂ ಬಂತಾ?" ಎಂದು ಕೇಳಿದೆ. "ಬಂತಮ್ಮ. ಆದ್ರೆ ನೀವು ಪರದೆ ಕಟ್ಕೊಂಡೇ ಮಲಗಿ" ಅಂದ. ಅದೇ ದಿನ ಮಧ್ಯಾಹ್ನ ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪರ್ ಇಂಜಿನ್ನಿನ ಕೊಳೆ ಎಣ್ಣೆಯ ಡಬ್ಬ ಹಿಡಿದು, ತೋಡಿನ ಗುಂಡಿಗಳಿಗೆಲ್ಲ ಸುರಿದು ಸೊಳ್ಳೆಮರಿ ಕೊಲ್ಲುತ್ತಿದ್ದದ್ದನ್ನು ನಾನೇ ಕಂಡೆ. ಸುಖವಾಗಿರಲಿ ಅಂತ ಹೇಳಿ ಕೊಲ್ಲುತ್ತೀರಲ್ಲ ಎಂದರೆ, "ಹೌದು, ಕೊಲ್ತಾ ಇದ್ದೀನಿ" ಎಂದು ಡಬ್ಬವನ್ನು ಇನ್ನೊಂದು ಕೈಗೆ ಬದಲಾಯಿಸಿಕೊಂಡ.

ಲೈನಿನವರು ಇದನ್ನು ಬೇರೆಯೇ ರೀತಿ ತಿಳಿದುಕೊಂಡರು. ಕಾಂಪೌಂಡರು ಕೂತು ಔಷಧಿಗೆ ಮಂತ್ರ ಹಾಕುತ್ತಾರೆ, ಆ ಮಂತ್ರದ ಬಲದಿಂದಲೇ ಜ್ವರ ಬಿಡುತ್ತದೆ ಎಂದು ಅವರ ನಂಬಿಕೆ. ಈತ ಕೂರದೆ ಕೊಟ್ಟ ದಿನ ಕುಡಿಯಲಿಲ್ಲ. "ಇನ್ನೂ ಹಸಿ ಔಷಧಿ ಅದು" ಅಂದರು. ಆತ ಎಷ್ಟೋ ಸಲ ಬಿಡಿಸಿ ಹೇಳಿದ, ಇದು ಮಂತ್ರ ಅಲ್ಲ, ನನ್ನ ಮನಸ್ಸು ಕಲ್ಲಾಗದಿರಲಿ ಅಂತ ನಾನು ಮಾಡಿಕೊಳ್ಳುವ ಮದ್ದು ಅಂತ. ಯಾರೂ ಕೇಳಲಿಲ್ಲ. ಕೊನೆಗೆ ಬೇಸತ್ತು ಬಾಟಲಿಗಳ ಕಡೆಗೆ ಬೆನ್ನು ಹಾಕಿ, ಗೋಡೆಗೆ ಮುಖ ಮಾಡಿ ಕೂರತೊಡಗಿದ. ಆತ ಕಣ್ಣು ಮುಚ್ಚಿದ ಕೂಡಲೇ ಲೈನಿನವರು ಸದ್ದಿಲ್ಲದೆ ಬಾಟಲಿಗಳನ್ನು ಎತ್ತಿ ತಂದು ಗೋಡೆಯ ಬುಡದಲ್ಲಿ, ಆತನ ಮುಖದ ನೇರಕ್ಕೆ ಜೋಡಿಸಿಡುತ್ತಿದ್ದರು. ಆತ ಕಣ್ಣು ತೆರೆದರೆ ಎದುರಿಗೆ ಕ್ವಿನೈನು. ಲಚ್ಚಿ ಇದನ್ನು ಅಭಿನಯಿಸಿ ತೋರಿಸಿದಾಗ ನಾನು ಹೊಟ್ಟೆ ಹುಣ್ಣಾಗುವಷ್ಟು ನಕ್ಕಿದ್ದೆ. ಆ ನಗುವನ್ನು ನೆನೆದರೆ ಈಗ ಸಂಕಟವಾಗುತ್ತದೆ.

ಒಂದೇ ಒಂದು ಸಲ ಆತನ ಮಾತು ಕೇಳಿ ನಾನು ಎದುರಾಡದೆ ಸುಮ್ಮನಿದ್ದೆ. ಗೌಡರ ಮನೆಯ ಹೆಂಗಸಾದ ನಾನು ಪದೇ ಪದೇ ಕೆಣಕುವುದನ್ನು ನೋಡಿ ಹೇಳಿದನೋ ಏನೋ. "ರಂಗೂನಿನ ವಾರ್ಡಲ್ಲಿ ಮೊದಲ ವರ್ಷ ನನಗೆ ಅಳು ಬರ್ತಿತ್ತಮ್ಮ. ಆಮೇಲೆ ವಾಂತಿ ಬರ್ತಿತ್ತು. ಆಮೇಲೆ ಎಂತದೂ ಬರ್ತಿರ್ಲಿಲ್ಲ. ಒಬ್ಬ ನೀರು ನೀರು ಅಂತ ಕೂಗ್ತಿದ್ರೆ ಅವನ ಮಂಚದ ಮೇಲೇ ಕೂತು ಊಟ ಮಾಡ್ತಿದ್ದೆ. ಪಕ್ಕದ ಮಂಚದಲ್ಲಿ ಕಾಲು ಕೊಳೆತು ಮಲಗಿದ್ದ ಭಿಕ್ಷು ಅದನ್ನ ನೋಡಿ ನನ್ನ ಕರೆದ್ರು. ಬೈಯಲಿಲ್ಲ. ಕೂರೋದು ಹೇಳಿಕೊಟ್ರು. ಅದಿಲ್ದಿದ್ರೆ ನಾನು ಈ ಕೆಲಸ ಬಿಟ್ಟಿರ್ತಿದ್ದೆ, ಇಲ್ಲ ಬಿಡದೇ ಇನ್ನೂ ಕೆಟ್ಟವನಾಗಿರ್ತಿದ್ದೆ."

ಅದನ್ನು ಕೇಳಿದ ದಿನ ಆತನಿಗೆ ಬಂಗಲೆಯಿಂದ ಹಲಸಿನ ಹಪ್ಪಳ ಕಳಿಸಿದೆ. ಅಷ್ಟು ಒಳ್ಳೆಯತನ ನನ್ನ ಕಡೆಯಿಂದಲೂ ನಡೆದಿದೆ ಎಂದು ಮೇಸ್ತ್ರಿಯ ಮಕ್ಕಳಿಗೆ ತಿಳಿದಿರಲಿ.

ಆಮೇಲೆ ಕ್ವಿನೈನ್ ನಿಂತಿತು. ಅದು ಬರಬೇಕಾದ ಜಾವಾ ದ್ವೀಪ ಜಪಾನಿನವರ ಪಾಲಾಗಿತ್ತು. ಸಿಕ್ಕಿದ್ದು ಸಿಪಾಯಿಗಳಿಗೆ. ಹೂಮಳೆ ಬಿದ್ದು ತೋಟವೆಲ್ಲ ಬೆಳ್ಳಗೆ ಅರಳಿದ ಹೊತ್ತಿಗೆ ಆಸ್ಪತ್ರೆಯ ಬಾಟಲಿಗಳು ಖಾಲಿಯಾದವು, ಅದೇ ಹೊತ್ತಿಗೆ ಲೈನಿನಲ್ಲಿ ಜ್ವರ ಎದ್ದಿತು. ಕಾಂಪೌಂಡರು ಕಿರಾತಕಡ್ಡಿ ಕುದಿಸಿ ಕಷಾಯ ಕೊಡತೊಡಗಿದ. "ಇದರಲ್ಲಿ ಕ್ವಿನೈನ್ ಇಲ್ಲ, ಇದರಿಂದ ಜ್ವರ ನಿಲ್ತದೆ ಅಂತ ನಂಬಬೇಡಿ" ಎಂದು ಪ್ರತಿಯೊಬ್ಬರಿಗೂ ಹೇಳಿಯೇ ಕೊಟ್ಟ. ಅವರು ತಲೆಯಾಡಿಸಿದರು. ಆತ ಕೂತು ಎದ್ದದ್ದನ್ನು ಕಣ್ಣಾರೆ ಕಂಡಿದ್ದರಲ್ಲ, ಅವರಿಗೆ ಅಷ್ಟೇ ಸಾಕಾಗಿತ್ತು.

ಕ್ವಿನೈನ್ ಇತ್ತು. ಅಣ್ಣಯ್ಯನ ಕೋಣೆಯ ತೇಗದ ಬೀರುವಿನಲ್ಲಿ ಡಬ್ಬಗಟ್ಟಲೆ ಇತ್ತು. ಮಗ ಹೋದ ಮೇಲೆ ಎಲ್ಲೆಲ್ಲಿಂದಲೋ ತರಿಸಿ ಕೂಡಿಟ್ಟಿದ್ದ. ಬೀಗದ ಕೈ ಅವನ ಉಡಿದಾರದಲ್ಲಿ. ನಾನು ಕೇಳಿದೆ. ಕೊಡಲಿಲ್ಲ. "ಇದು ನಿನಗೆ ಕಣೇ ಮಾರಾಯ್ತಿ. ಈ ಮನೆಯಿಂದ ಇನ್ನೊಂದು ಹೆಣ ಹೊರೋ ಶಕ್ತಿ ನನಗಿಲ್ಲ" ಅಂದ. ನನ್ನ ಹೆಸರಿನಲ್ಲಿ ಲೈನಿನವರನ್ನು ಸಾಯಲು ಬಿಟ್ಟಿದ್ದ. ಕತ್ತಿ ತೆಗೆದುಕೊಂಡು ಬೀರುವಿನ ಬಾಗಿಲ ಸಂದಿಗೆ ಹಾಕಿದೆ. ಅಣ್ಣಯ್ಯ ಕತ್ತಿಯನ್ನು ಕೈಯಿಂದ ಕಿತ್ತುಕೊಂಡು ನನ್ನನ್ನು ಹೊರಗೆ ದೂಡಿದ. ಅಂಗೈಯಲ್ಲಿ ಆ ಗೀರು ಈಗಲೂ ಇದೆ. ಅಂದಿನಿಂದ ಅವನು ಕೋಣೆ ಬಿಟ್ಟು ಹೊರಗೆ ಮಲಗಲಿಲ್ಲ, ನಾನು ಅವನೊಂದಿಗೆ ಮಾತಾಡಲಿಲ್ಲ.

ಆಗಲೇ ಲಚ್ಚಿ ಮಲಗಿದಳು.

ನೇರ ಆಸ್ಪತ್ರೆಗೆ ಹೋದೆ. ಕಾಂಪೌಂಡರು ಕೂತಿದ್ದ. ಏಳುವ ತನಕ ಕಾಯುವ ತಾಳ್ಮೆ ನನಗಿರಲಿಲ್ಲ.

"ಏಳಿ. ಲೈನಿನಿಂದ ನಾಲ್ಕು ಜನ ಗಂಡಸರನ್ನ ಕರ್ಕೊಂಡು ಬನ್ನಿ. ಬೀರು ಒಡೀಬೇಕು. ಅಣ್ಣಯ್ಯನ್ನ ನಾನು ನೋಡ್ಕೋತೀನಿ."

ಆತ ಕಣ್ಣು ತೆರೆದ. "ಒಡೆದ್ರೆ ಇವತ್ತು ಸಿಗ್ತದಮ್ಮ. ನಾಳೆ ಪೊಲೀಸರು ಬಂದು ಲೈನಿನವರನ್ನ ಹಿಡೀತಾರೆ, ನಿಮ್ಮನ್ನಲ್ಲ. ಔಷಧಿ ಬೀರಿಂದ ಸ್ಟೇಷನ್ನಿಗೆ ಹೋಗ್ತದೆ. ನಾನು ಗೌಡ್ರನ್ನ ಕೇಳ್ತೀನಿ."

"ಅವನು ಕೊಡಲ್ಲ."

"ಹೌದು, ಇವತ್ತು ಕೊಡಲ್ಲ."

ಕಾರಣಗಳು ಯಾವಾಗಲೂ ಇಂಥವರ ಕಡೆಗೇ ಇರುತ್ತವೆ. ಆತ ಅಂದಿನಿಂದ ದಿನವೂ ಕೂತು ಎದ್ದ ಮೇಲೆ ಬಂಗಲೆಗೆ ಬಂದು ಮೆಟ್ಟಿಲ ಕೆಳಗೆ ನಿಂತು, "ಗೌಡ್ರೇ, ಕ್ವಿನೈನ್ ಬೇಕಿತ್ತು" ಅನ್ನುತ್ತಿದ್ದ. ಅಣ್ಣಯ್ಯ ಒಳಗಿನಿಂದ ಬೈಯುತ್ತಿದ್ದ. ಒಂದು ದಿನ ಕೈಯಲ್ಲಿದ್ದ ಕಾಫಿಯ ಲೋಟವನ್ನೇ ಎಸೆದ, ಆತನ ಕೋಟೆಲ್ಲ ಕಾಫಿ. ಆತ ಲೋಟವನ್ನು ಎತ್ತಿ ಮೆಟ್ಟಿಲ ಮೇಲಿಟ್ಟು ಹೋದ. ಮಾರನೆಯ ಬೆಳಗ್ಗೆ ಮತ್ತೆ ಬಂದ. ನನಗೆ ಅಣ್ಣಯ್ಯನ ಮೇಲಿನದಕ್ಕಿಂತ ಈತನ ಮೇಲೆ ಹೆಚ್ಚು ಸಿಟ್ಟು ಬಂತು. ಅವಮಾನವನ್ನೂ ಅನುಭವಿಸಲು ಬಾರದವನು, ಲಚ್ಚಿಯ ಜೀವ ಉಳಿಸುತ್ತಾನೆಯೇ?

ಹಿಂಬಾಲಿಸಿ ಹೋಗಿ ಕೇಳಿದೆ. "ಬೆಳಿಗ್ಗೆ ಕೂತು ನನ್ನ ಅಣ್ಣನಿಗೂ ಸುಖ ಬಯಸ್ತೀರಾ?"

"ಬಯಸ್ತೀನಿ. ಈಗ ನಾಲ್ಕನೇ ಜಾಗ ಅವರದೇ."

"ಅವನೊಬ್ಬನ್ನ ಬಿಟ್ಟು ಬಾಕಿಯವರಿಗೆ ಬಯಸಿ. ನಿಮ್ಮ ಭಿಕ್ಷು ಏನೂ ಬೇಜಾರು ಮಾಡ್ಕೊಳ್ಳಲ್ಲ."

"ಅವರನ್ನ ಬಿಟ್ರೆ ನಾಳೆ ಅವರ ಬಾಗಿಲಿಗೆ ಹೋಗೋಕೆ ನನ್ನ ಕಾಲು ಏಳಲ್ಲಮ್ಮ" ಅಂದ. "ನೀವು ಅವರ ಹತ್ರ ಮಾತು ಬಿಟ್ಟಿದ್ದೀರಿ. ನಾನೂ ಬಿಟ್ರೆ ಕೇಳೋರು ಯಾರು?"

ಅಲ್ಲಿಂದ ನೇರ ಕೊಟ್ಟಿಗೆಗೆ ಹೋದೆ. ಗಾಡಿ ಕಟ್ಟಿಸಿದೆ. ಚಿಕ್ಕಮಗಳೂರಿನ ದೊಡ್ಡಾಸ್ಪತ್ರೆಯಲ್ಲಿ ಇನ್ನೂ ಸ್ವಲ್ಪ ಕ್ವಿನೈನ್ ಇದೆಯೆಂದು ಯಾರೋ ಹೇಳಿದ್ದರು. ಗಾಡಿಗೆ ಹುಲ್ಲು ಹಾಸಿ, ಜಮಖಾನ ಹಾಕಿ, ಲೈನಿಗೆ ಹೋಗಿ ಲಚ್ಚಿಯನ್ನು ಏಳು ಅಂದೆ. ಅವಳು ಏಳಲಿಲ್ಲ. ಮೈ ಕೆಂಡವಾಗಿತ್ತು, ಕಣ್ಣು ಹಳದಿ. ಆದರೂ ನಗುತ್ತಿದ್ದಳು.

"ಎಂತಕ್ಕಮ್ಮ ಗಾಡಿ? ಕಾಂಪೌಂಡ್ರು ಕೂತಿದ್ದಾರಲ್ಲ. ಬೆಳಿಗ್ಗೆ ಕೂತಿದ್ದು ಕಂಡೆ. ಬಾಟ್ಲಿ ನಾನೇ ಅವ್ರ ಮುಖದ ಎದುರಿಗೆ ಇಡ್ಸಿದ್ದೆ."

ಕಾಂಪೌಂಡರನ್ನು ಕರೆಸಿದೆ. ಆತ ಅವಳ ಚಾಪೆಯ ಪಕ್ಕ ಮಂಡಿಯೂರಿ, "ಲಚ್ಚಮ್ಮ, ನಾನು ಕೂರೋದಕ್ಕೂ ನಿಮ್ಮ ಜ್ವರಕ್ಕೂ ಸಂಬಂಧ ಇಲ್ಲ. ಕಷಾಯದಲ್ಲಿ ಎಂತದೂ ಇಲ್ಲ. ಹೋಗಿ, ಗಾಡಿ ಹತ್ತಿ" ಎಂದು ಬೇಡಿಕೊಂಡ. ಕೈ ಮುಗಿದ. ನನ್ನ ಕಣ್ಣೆದುರಿಗೇ ಮುಗಿದ, ಸುಳ್ಳು ಹೇಳಲಾರೆ. ಲಚ್ಚಿ ಆತನ ಕೈ ತಳ್ಳಿ, "ದೊಡ್ಡೋರು ಹಂಗೇ ಹೇಳೋದು" ಅಂದಳು. ಅವಳ ಮಾತಿನಲ್ಲಿ ಅಷ್ಟು ಭರವಸೆಯಿತ್ತು. ಎತ್ತಿ ಗಾಡಿಗೆ ಹಾಕಲು ಹೋದರೆ ಬಾಗಿಲ ಚೌಕಟ್ಟು ಹಿಡಿದುಕೊಂಡು ಕಿರುಚಿದಳು. ಮೇಸ್ತ್ರಿ, ನಾಳೆ ನೋಡೋಣ ಅಮ್ಮಾ, ಅಂದ. ಮಾರನೆಯ ದಿನ ಮಧ್ಯಾಹ್ನ ಲಚ್ಚಿ ಹೋದಳು. ನನ್ನ ಬಾಚಣಿಗೆ ಅವಳ ತುರುಬಿನಲ್ಲೇ ಸಿಕ್ಕಿಕೊಂಡಿತ್ತು, ಹಾಗೆಯೇ ಕಳಿಸಿದೆ.

ಅವಳನ್ನು ಮಣ್ಣು ಮಾಡಿ ಬಂದ ಮರುದಿನವೂ ಕಾಂಪೌಂಡರು ಬಂಗಲೆಯ ಮೆಟ್ಟಿಲ ಕೆಳಗೆ ನಿಂತಿದ್ದ. ನಾನು ಒಳಗಿನ ಕಿಟಕಿಯಲ್ಲಿದ್ದೆ. ಅಂದು ಆತ ಕ್ವಿನೈನ್ ಕೇಳಲಿಲ್ಲ. "ಗೌಡ್ರೇ, ಹುಡುಗನಿಗೆ ಕೊನೆಗೆ ತುಂಬ ಕಷ್ಟ ಆಯ್ತಾ?" ಎಂದು ಕೇಳಿದ. ಆ ಮನೆಯಲ್ಲಿ ಯಾರೂ ಬಾಯಿ ಬಿಡದ ಮಾತು. ಅಣ್ಣಯ್ಯ ಹೊಡೆಯಲು ಎದ್ದನೆಂದುಕೊಂಡೆ. ಅವನು ಹೊರಗೆ ಬಂದು ಮೇಲಿನ ಮೆಟ್ಟಿಲ ಮೇಲೆ ಕುಸಿದ. ಆಮೇಲೆ ಮಾತಾಡಿದ. ಮಗು ನೀರು ಕೇಳಿದ್ದು, ಕುದುರೆ ಕೇಳಿದ್ದು, ಕೊನೆಗೆ ಅಪ್ಪನ ಗುರುತೇ ಹತ್ತದೆ ಹೆದರಿದ್ದು. ನನಗೂ ಹೇಳದೆ ಇಟ್ಟುಕೊಂಡಿದ್ದೆಲ್ಲ ಒಬ್ಬ ಕಾಂಪೌಂಡರ ಮುಂದೆ ಹೊರಗೆ ಬಿತ್ತು. ಮಾತು ಮುಗಿದ ಮೇಲೆ ಉಡಿದಾರದಿಂದ ಬೀಗದ ಕೈ ಬಿಚ್ಚಿ ಆತನ ಕೈಗೆ ಹಾಕಿದ.

ಆ ಕ್ವಿನೈನಿನಿಂದ ಲೈನು ಉಳಿಯಿತು. ಸುದ್ದಿ ಬಂದ ದಿನ ಕಣದಲ್ಲಿ ಕಾಲೆಳೆಯುತ್ತ ಕಣ್ಣೊರೆಸಿಕೊಂಡವರೆಲ್ಲ ಅದರಿಂದ ಉಳಿದವರು. ಅವರಿಗೆ ಆತ ದೇವರು. ಇರಲಿ. ಆ ಪ್ರಶ್ನೆಯನ್ನು ಹಿಂದಿನ ದಿನ ಕೇಳಿದ್ದರೆ? ಅದರ ಹಿಂದಿನ ದಿನ? ಅಥವಾ ಮೊದಲನೆಯ ದಿನವೇ ಬೀರು ಒಡೆದಿದ್ದರೆ? ಉಳಿದವರಿಗೆ ಈ ಲೆಕ್ಕ ಬೇಡ. ನನಗೆ ಬೇಕು.

ಅಂದಿನಿಂದ ನಾನು ದಿನ ಬೆಳಗ್ಗೆ ಆತ ಗೋಡೆಗೆ ಮುಖ ಮಾಡಿ ಕೂತ ಹೊತ್ತಿಗೆ ಆಸ್ಪತ್ರೆಯ ಜಗಲಿಗೆ ಹೋಗುತ್ತಿದ್ದೆ. ಆತನ ಬೆನ್ನ ಹಿಂದೆ ನಿಂತು, "ಲಚ್ಚಿ" ಅನ್ನುತ್ತಿದ್ದೆ. ಅಷ್ಟೇ. ಕ್ವಿನೈನ್ ಕುಡಿದವರು ಹೆಸರು ಹೇಳಿ ಹೋಗುವ ಜಾಗ ಅದು. ಅವಳಿಗೆ ಕುಡಿಯಲು ಸಿಗಲಿಲ್ಲ, ಹೆಸರನ್ನಾದರೂ ನಾನು ಹೇಳುತ್ತೇನೆ ಎಂದುಕೊಂಡೆ. ಸಾಲಿನಲ್ಲಿದ್ದವರು ನೆಲ ನೋಡುತ್ತಿದ್ದರು. ಆತ ಒಂದು ದಿನವೂ ತಿರುಗಲಿಲ್ಲ. ಕಿವಿಯ ಹಿಂದೆ ಒಂದು ನರ ಮಾತ್ರ ಎದ್ದು ಇಳಿಯುತ್ತಿತ್ತು. ಯುದ್ಧ ಮುಗಿಯುವ ತನಕ ಹೇಳಿದೆ. ಹಾಗೆ ಹೇಳಿದ್ದು ತಪ್ಪೆಂದು ನನಗೆ ಈಗಲೂ ಅನ್ನಿಸುವುದಿಲ್ಲ.

ಯುದ್ಧ ಮುಗಿದ ಮೇಲೆ ಆತ ಕೆಲಸ ಬಿಟ್ಟ. ಕಳಸದಲ್ಲಿ ಒಬ್ಬಳು ಅಕ್ಕ ಇದ್ದಳಂತೆ, ಹಾಸಿಗೆ ಹಿಡಿದಿದ್ದಳು, ಅವಳನ್ನು ನೋಡಿಕೊಳ್ಳಲು ಹೊರಟ. ಹೊರಡುವ ದಿನ ಆಸ್ಪತ್ರೆಗೆ ಹೋದೆ. ಬೀಳ್ಕೊಡಲು ಅಲ್ಲ. ಕೇಳಲು ಒಂದು ಮಾತು ಉಳಿದಿತ್ತು. ಆತ ಬಾಟಲಿಗಳನ್ನು ತೊಳೆದು ಜಗಲಿಯ ಮೇಲೆ ಬೋರಲು ಹಾಕುತ್ತಿದ್ದ.

"ನನ್ನ ಅಣ್ಣನನ್ನ ನಾಲ್ಕನೇ ಜಾಗದಲ್ಲಿ ಕೂರಿಸ್ಕೊಂಡು ಇಷ್ಟು ವರ್ಷ ಸುಖ ಬಯಸಿದ್ರಲ್ಲ, ಲಚ್ಚಿ ನೆನಪಾಗಿ ಬಾಯಿ ಕಟ್ಟಲಿಲ್ವಾ?"

"ಗೌಡ್ರು ಆ ಜಾಗದಲ್ಲಿ ಜಾಸ್ತಿ ದಿನ ಇರ್ಲಿಲ್ಲಮ್ಮ. ಮಗನ ಮಾತಾಡಿದ ಮೇಲೆ ಅವರು ನನಗೆ ಕಷ್ಟ ಆಗ್ಲಿಲ್ಲ."

"ಮತ್ತೆ ಅಲ್ಲಿ ಯಾರಿದ್ರು?"

ಆತ ಕೈಯನ್ನು ಗಾಳಿಗೆ ಹಿಡಿದು ನಿಂತ. "ನೀವು" ಅಂದ.

ಲೋಟ ಎಸೆದವನು ಸಲೀಸು, ಸತ್ತವಳಿಗಾಗಿ ನಿಂತ ನಾನು ಸಹಿಸಲಾಗದವಳು. "ನಾನು ಎಂತ ಮಾಡಿದ್ದೀನಿ ನಿಮಗೆ? ನಾನು ಹೇಳಿದ್ದು ಸುಳ್ಳಾ?"

"ಸುಳ್ಳಾಗಿದ್ರೆ ನಿಮ್ಮನ್ನ ಬೇಗ ದಾಟ್ತಿದ್ದೆ. ಬೀರು ಒಡೆದಿದ್ರೆ ಲಚ್ಚಮ್ಮ ಉಳೀತಿದ್ರೇನೋ. ನಾನು ಕೂರೋದನ್ನ ಅವರು ನೋಡದೇ ಇದ್ದಿದ್ರೆ ಗಾಡಿ ಹತ್ತುತಿದ್ರೇನೋ. ನನಗೆ ಗೊತ್ತಿಲ್ಲ. ದಿನಾ ಬೆಳಿಗ್ಗೆ ನೀವು ಅದನ್ನ ತಂದು ನನ್ನ ಬೆನ್ನ ಹಿಂದೆ ಇಟ್ಟು ಹೋಗ್ತಿದ್ರಿ. ಸಿಟ್ಟು ಬರ್ತಿತ್ತಮ್ಮ ನಿಮ್ಮ ಮೇಲೆ. ತುಂಬ ಬರ್ತಿತ್ತು. ನಿಮ್ಮ ಹೆಜ್ಜೆ ಸದ್ದು ಕೇಳಿದ್ರೆ ಎದ್ದು ಓಡೋಣ ಅನ್ಸೋದು."

ಆತನಿಗೂ ಸಿಟ್ಟು ಬರುತ್ತದೆಂದು ತಿಳಿದು ನನಗೆ ಆದ ಸಂತೋಷವನ್ನು ಮುಚ್ಚಿಡುವುದಿಲ್ಲ. ಲಚ್ಚಿ ಹೋದ ಮೇಲೆ ನನಗೆ ಸಿಕ್ಕ ಮೊದಲ ಸಮಾಧಾನ ಅದು.

"ಅಷ್ಟು ಕಷ್ಟ ಆದ್ರೆ ನನ್ನನ್ನ ಬಿಟ್ಟುಬಿಡಬೇಕಿತ್ತು."

"ಬಿಟ್ಟಿದ್ರೆ ಲೈನಿಗೆ ಹೋಗೋಕೆ ಆಗ್ತಿರ್ಲಿಲ್ಲ. ಆ ದಾರಿಯಲ್ಲೇ ಲಚ್ಚಮ್ಮನ ಬಾಗಿಲು ಅಲ್ವಾ? ನಿಮ್ಮನ್ನ ದಾಟದೇ ಅದನ್ನ ದಾಟೋಕೆ ಆಗ್ತಿರ್ಲಿಲ್ಲ."

"ದಾಟಿದ್ರಾ ಹಾಗಾದ್ರೆ?"

"ಇಲ್ಲಮ್ಮ" ಅಂದ. "ಸುಖವಾಗಿರಲಿ ಅಂತೀನಿ. ಎಷ್ಟೋ ದಿನ ಬರೀ ಬಾಯಲ್ಲಿ. ಕೆಲವು ದಿನ ನಿಜವಾಗ್ಲೂ. ಕಳಸಕ್ಕೆ ಹೋದ ಮೇಲೂ ಆ ಜಾಗದಲ್ಲಿ ನೀವೇ ಇರ್ತೀರಿ ಅನ್ಸುತ್ತೆ. ಬೇರೆ ಯಾರನ್ನೂ ಕೂರಿಸೋಕೆ ಆಗಿಲ್ಲ."

ಕೋಟಿನ ಗುಂಡಿ ಹಾಕಿಕೊಂಡು, ಗೋಣಿಚೀಲವನ್ನು ಮಡಿಸಿ ಬಗಲಲ್ಲಿಟ್ಟುಕೊಂಡು ಹೊರಟುಹೋದ. ಲೈನಿನವರು ತೋಟದ ಗೇಟಿನ ತನಕ ಹೋದರು. ನಾನು ಬೋರಲು ಹಾಕಿದ್ದ ಬಾಟಲಿಗಳ ಪಕ್ಕದಲ್ಲೇ ನಿಂತಿದ್ದೆ.

ಅಣ್ಣಯ್ಯ ಈಗ ಕಣ್ಣು ಮಂಜಾಗಿ ಜಗಲಿಯಲ್ಲಿ ಕೂತಿರುತ್ತಾನೆ, ತೋಟ ನಾನು ನೋಡುತ್ತೇನೆ. ಬಿಸಿಲು, ಆಳು, ಎತ್ತು ಇವಿಷ್ಟರ ಬಗ್ಗೆ ನಾವಿಬ್ಬರೂ ಮಾತಾಡುತ್ತೇವೆ. ಕಾಂಪೌಂಡರು ಹೋದ ಸುದ್ದಿ ಹೇಳಿದಾಗ ಅವನು ಅತ್ತ. ನಾನು ಅಳಲಿಲ್ಲ. ಹೇಗೆ ಹೋದನೆಂದು ಮಾತ್ರ ಮೇಸ್ತ್ರಿಯನ್ನು ಕೇಳಿದೆ.

"ಸುಖದ ಸಾವು ಅಮ್ಮಾ. ಎಂದಿನ ಹಾಗೆ ಬೆಳಿಗ್ಗೆ ಗೋಡೆ ಕಡೆ ತಿರುಗಿ ಕೂತಿದ್ರಂತೆ. ಎದ್ದು, ಅಕ್ಕನಿಗೆ ಗಂಜಿ ಕುಡಿಸಿ, ಒಂಚೂರು ಮಲಗ್ತೀನಿ ಅಂದ್ರಂತೆ."

ಹಾಗಾದರೆ ಆ ಬೆಳಗ್ಗೆಯೂ ಆತ ಕೂತಿದ್ದ. ಮೊದಲು ತನ್ನನ್ನು, ಆಮೇಲೆ ಆ ಭಿಕ್ಷುವನ್ನು, ಆಮೇಲೆ ಟಪ್ಪಾಲಿನವನನ್ನು ಮುಗಿಸಿ ನನ್ನ ಹತ್ತಿರ ಬಂದಿರಬೇಕು. ಬಾಯಲ್ಲೋ, ನಿಜವಾಗಿಯೋ, ಸುಖವಾಗಿರಲಿ ಅಂದಿರಬೇಕು. ನಾನು ಅದನ್ನು ಬೇಡಿರಲಿಲ್ಲ, ಬೇಕೆಂದೂ ಇರಲಿಲ್ಲ. ಸುದ್ದಿ ಬಂದ ಮಾರನೆಯ ಬೆಳಗ್ಗೆ ಹಾಜರಿಯ ಗಂಟೆ ಹೊಡೆಯಿತು. ಹಲಸಿನ ಮರದಿಂದ ಬಿಸಿಲು ಇಳಿಯತೊಡಗಿತು. ಈ ಹೊತ್ತಿನಲ್ಲಿ ನನ್ನನ್ನು ನೆನೆದು ಸುಖವಾಗಿರಲಿ ಅನ್ನುವ ಜೀವ ಈ ಭೂಮಿಯ ಮೇಲೆ ಒಂದೂ ಉಳಿದಿಲ್ಲ ಎಂದು ಆಗ ತಿಳಿಯಿತು. ಅದಕ್ಕೂ ನನಗೆ ಆತನ ಮೇಲೆ ಸಿಟ್ಟಿದೆ.